ಜಿಂಕೆ ಪಾಲಿನ ಸಾಸಿವೆ

ಲೋಕ ಇನ್ನೂ ಸುಡದ ಗಡಿಗೆಯ ಹಾಗೆ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಇಲ್ಲಿ ಕೂರೋಣವೋ ಅಲ್ಲಿ ಕೂರೋಣವೋ ಅಂತ ಜಾಗ ಹುಡುಕಿಕೊಂಡು ತಿರುಗುತ್ತಿದ್ದವು. ಹೊಳೆಗೆ ಯಾವ ಕಡೆ ಹರಿಯಬೇಕು ಅನ್ನುವುದೇ ತಿಳಿದಿರಲಿಲ್ಲ. ಬೆಳಿಗ್ಗೆ ಮೂಡಲಿಗೆ ಹೋಗಿದ್ದು ಸಂಜೆ ಹೊತ್ತಿಗೆ ಮನಸ್ಸು ಬದಲಾಯಿಸಿ ಪಡುವಲಿಗೆ ಬರುತ್ತಿತ್ತು.

ಆಗ ಎಲ್ಲರಿಗೂ ಮಾತು ಬರುತ್ತಿತ್ತು. ಗಾಳಿ ಮಾತಾಡುತ್ತಿತ್ತು, ಗಿಡ ಮಾತಾಡುತ್ತಿತ್ತು, ಜಿಂಕೆ ಮಾತಾಡುತ್ತಿತ್ತು. ದಾರಿಯಲ್ಲಿ ಎದುರಾದರೆ ಊಟ ಆಯ್ತಾ ಅಂತ ಕೇಳದೆ ಯಾರೂ ಯಾರನ್ನೂ ದಾಟಿ ಹೋಗುತ್ತಿರಲಿಲ್ಲ.

ಆಗ ಸಾಸಿವೆ ಸೊಪ್ಪು ಸಿಹಿಯಾಗಿತ್ತು. ಮಳೆಗಾಲದಲ್ಲೂ ಸಿಹಿ, ಬಿಸಿಲುಗಾಲದಲ್ಲೂ ಸಿಹಿ. ಹಸಿಯಾಗಿ ಕಿತ್ತು ಬಾಯಿಗೆ ಹಾಕಿಕೊಂಡರೆ ಎಳೇ ಅವರೆಕಾಳು ಅಗಿದ ಹಾಗೆ ಇರುತ್ತಿತ್ತು.

ಬೆಟ್ಟದ ಬುಡದಲ್ಲಿ ಒಂದು ದೊಡ್ಡ ಬಯಲಿತ್ತು. ಅದು ಜಿಂಕೆಗಳ ಬಯಲು. ಅವು ಹುಟ್ಟಿದ್ದು ಅಲ್ಲಿ, ಕುಣಿದದ್ದು ಅಲ್ಲಿ, ಮೇಯ್ದದ್ದು ಅಲ್ಲಿ. ಒಂದು ದಿನ ಮನುಷ್ಯರು ನೇಗಿಲು ಹೊತ್ತುಕೊಂಡು ಬಂದು ಬಯಲಿನ ಅಂಚಿನಲ್ಲಿ ನಿಂತರು. ಅವರಿಗೂ ಹೊಟ್ಟೆ ಇತ್ತು, ಮಕ್ಕಳಿದ್ದವು. ಎಲ್ಲಿ ಉಳಬೇಕು ಅಂತ ಕೇಳಿದರು.

ಜಿಂಕೆಗಳಿಗೆಲ್ಲ ಹಿರಿಯಳು ಒಬ್ಬಳಿದ್ದಳು. ಬೆನ್ನ ಮೇಲಿನ ಚುಕ್ಕಿ ಮಾಸಿದ್ದ ಮುದಿ ಹೆಣ್ಣು ಜಿಂಕೆ. ಕಾಡಿನವರೂ ಊರಿನವರೂ ಅವಳನ್ನು ದೊಡ್ಡಕ್ಕ ಅಂತಲೇ ಕರೆಯುತ್ತಿದ್ದರು. ಅವಳು ತನ್ನವರ ಜೊತೆ ಮಾತಾಡಿಕೊಂಡು ಬಂದು ಹೇಳಿದಳು:

"ಬಯಲು ನೀವೇ ಉತ್ಕೊಳ್ಳಿ. ಕಾಡಂಚಿನ ಒಂದು ಪಟ್ಟೆ ನಮಗಿರಲಿ. ಅದರಲ್ಲಿ ಬಿತ್ತೋದು ನಿಮ್ಮ ಕೆಲಸ, ಮೇಯೋದು ನಮ್ಮ ಕೆಲಸ. ಮಾಗೀಲಿ ಹುಲ್ಲೆಲ್ಲ ಒಣಗಿಹೋದಾಗ ನಮ್ಮ ಮರಿಗಳಿಗೆ ಅಲ್ಲಿ ಹಸಿರು ಸಿಕ್ಕಬೇಕು, ಅಷ್ಟೇ. ನಿಮ್ಮ ಹೊಲಕ್ಕೆ, ನಿಮ್ಮ ಹಿತ್ತಲಿಗೆ ನಾವು ಕಾಲಿಡೋದಿಲ್ಲ."

ಈ ಮಾತಿಗೆ ಸಾಕ್ಷಿ ಯಾರು ಅಂತ ಕೇಳಿದಾಗ ಮಾಗಿ ಚಳಿಯೇ ಮುಂದೆ ಬಂದಳು. ಮಾಗಿ ಚಳಿ ಅಂದರೆ ಬಿಳೀ ಕಂಬಳಿ ಹೊದ್ದ ಒಬ್ಬ ಅಜ್ಜಿ. ನಾನು ಬಂದಾಗಲೇ ತಾನೆ ಈ ಮಾತು ನಿಲ್ಲುತ್ತೋ ಬೀಳುತ್ತೋ ಗೊತ್ತಾಗೋದು, ಅದಕ್ಕೆ ನಾನೇ ಸಾಕ್ಷಿ ಅಂದಳು. ಹಾಗೆ ಮಾತಾಯಿತು. ಆ ಪಟ್ಟೆಗೆ ಜಿಂಕೆ ಪಾಲು ಅಂತ ಹೆಸರಾಯಿತು.

ಜಿಂಕೆ ಪಾಲಿಗೆ ಬೀಜ ಆರಿಸುವ ಕೆಲಸ ದುಂಡನದು.

ದುಂಡನಿಗೆ ಬೀಜದ ಮರ್ಮ ಗೊತ್ತಿದ್ದಷ್ಟು ಆ ಊರಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮೂಲಂಗಿ, ಕೋಸು, ಸಾಸಿವೆ ಮೂವರೂ ಅಕ್ಕತಂಗಿಯರು ಅಂತ ಮೊದಲು ಕಂಡುಕೊಂಡವನೇ ಅವನು. ಬೇಕಾದರೆ ಹೂ ನೋಡಿ, ಮೂವರಿಗೂ ನಾಲ್ಕೇ ಎಸಳು, ಅಂತ ತೋರಿಸುತ್ತಿದ್ದ. ಮೂವರನ್ನೂ ಜಿಂಕೆ ಪಾಲಿಗೆ ಬಿತ್ತಬೇಕು ಅನ್ನುತ್ತಿದ್ದ. ಮೂಲಂಗಿ ಗಡಿಬಿಡಿಯವಳು, ಮಳೆ ನಿಲ್ಲುವ ಮೊದಲೇ ಸೊಪ್ಪು ಕೊಡುತ್ತಾಳೆ. ಕೋಸು ನಡುವಿನವಳು, ಎಲೆ ಅಗಲ ಮಾಡಿಕೊಂಡು ಕೂರುತ್ತಾಳೆ. ಕೊನೆಗೆ, ಬೇರೆಯವರೆಲ್ಲ ಮುಗಿದ ಮೇಲೆ, ಮಾಗಿ ಪೂರ್ತಿ ನಿಂತು ಬಡಿಸುವವಳು ಸಾಸಿವೆ.

ಆದರೆ ಎಲ್ಲ ಸಾಸಿವೆಯೂ ನಿಲ್ಲುವುದಿಲ್ಲ. ಕೆಲವು ಗಿಡಕ್ಕೆ ಆತುರ. ಎಲೆ ಬಿಟ್ಟವೋ ಇಲ್ಲವೋ ಅನ್ನುವಷ್ಟರಲ್ಲಿ ಹೂವಿಗೆ ನಿಂತುಬಿಡುತ್ತವೆ. ಹೂವಾದ ಮೇಲೆ ಎಲೆ ಸೊರಗುತ್ತದೆ, ದಂಟು ಕಡ್ಡಿಯಾಗುತ್ತದೆ. ಅಂಥ ಗಿಡದ ಬೀಜವನ್ನು ಬಿತ್ತಿದರೆ ಮಕ್ಕಳೂ ಅದೇ ಆತುರದವೇ. ಅದಕ್ಕೆ ದುಂಡ ಹೊಲದಲ್ಲಿ ಎಲ್ಲಕ್ಕಿಂತ ತಡವಾಗಿ ಹೂ ಬಿಡುವ ಗಿಡಗಳನ್ನು ಗುರುತಿಟ್ಟು, ಗಿಡದ ಸೊಂಟಕ್ಕೆ ಬಾಳೆನಾರು ಕಟ್ಟಿ, ಅವುಗಳ ಬೀಜವನ್ನಷ್ಟೇ ಬೂದಿಯಲ್ಲಿ ಹೊರಳಿಸಿ ಸೋರೆಬುರುಡೆಯಲ್ಲಿ ತುಂಬುತ್ತಿದ್ದ. ಅದು ಬಿತ್ತನೆ ಬುರುಡೆ. ಆತುರದ ಗಿಡದ ಬೀಜವೆಲ್ಲ ಇನ್ನೊಂದಕ್ಕೆ. ಅದು ಎಣ್ಣೆ ಬುರುಡೆ.

ಎರಡು ಬುರುಡೆಯ ಬೀಜವನ್ನೂ ಅಂಗೈಯಲ್ಲಿ ಹಾಕಿಕೊಂಡು ನೋಡಿದರೆ ಒಂದೇ. ಅದೇ ಗುಂಡು, ಅದೇ ಕಪ್ಪು, ಅದೇ ಮಿಂಚು. ಯಾವುದು ಯಾವುದು ಅಂತ ದುಂಡನಿಗೆ ಬಿಟ್ಟು ಇನ್ನಾರಿಗೂ ತಿಳಿಯುತ್ತಿರಲಿಲ್ಲ. ಅವನ ಹೆಂಡತಿ ಈರಿಗೂ ತಿಳಿಯುತ್ತಿರಲಿಲ್ಲ.

ಒಂದು ವರ್ಷ ಬಿತ್ತನೆ ಬುರುಡೆ ಮುಕ್ಕಾಲು ಖಾಲಿ ಇತ್ತು. ತಡವಾಗಿ ಹೂ ಬಿಟ್ಟ ಗಿಡಗಳಿಗೆ ಹೇನುಹುಳ ಬಿದ್ದು ಬೀಜ ಕಟ್ಟಿರಲಿಲ್ಲ. ಉಳಿದ ಬೀಜ ಜಿಂಕೆ ಪಾಲಿಗಾದರೆ ಹಿತ್ತಲಿಗಿಲ್ಲ, ಹಿತ್ತಲಿಗಾದರೆ ಜಿಂಕೆ ಪಾಲಿಗಿಲ್ಲ. ಪದ್ಧತಿ ಏನು ಅಂತ ಯಾರೂ ದುಂಡನಿಗೆ ಹೇಳಿಕೊಡಬೇಕಾಗಿರಲಿಲ್ಲ. ಮೊದಲ ಬೀಜ ಜಿಂಕೆ ಪಾಲಿಗೆ. ಪದ್ಧತಿ ಹಾಕಿದವನೇ ಅವನು.

ಅದೇ ಹೊತ್ತಿಗೆ ಹೊಳೆಯಾಚೆಯಿಂದ ಈರಿಯ ತಮ್ಮ ಹೊನ್ನ ಬಂದ. ಹೊನ್ನನಿಗೆ ಭಾವನನ್ನು ರೇಗಿಸದಿದ್ದರೆ ಉಂಡ ಅನ್ನ ಅರಗದು. ಬಂದವನು ಜಗುಲಿ ಮೇಲೆ ಕೂತು, ಕಾಲು ಅಲ್ಲಾಡಿಸುತ್ತ, ಹಿಂದಿನ ಮಾಗಿಯಲ್ಲಿ ತಾನು ಕಂಡದ್ದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಜಿಂಕೆ ಪಾಲಿನಲ್ಲಿ ಎಲೆ ಮೊರದಗಲ ಇತ್ತಂತೆ, ಅಕ್ಕನ ಹಿತ್ತಲಲ್ಲಿ ಅಂಗೈಯಗಲವೂ ಇರಲಿಲ್ಲವಂತೆ.

"ಅಲ್ಲ ಭಾವ, ನಮ್ಮಕ್ಕನ್ನ ಮದುವೆ ಆಗಿದ್ದು ನೀನಾ, ಇಲ್ಲ ಆ ದೊಡ್ಡಕ್ಕನ್ನ ಮದುವೆ ಆಗಿದ್ದೀಯಾ? ಒಳ್ಳೇದೆಲ್ಲ ಅತ್ತಲಾಗೇ ಹೋಗ್ತದಲ್ಲ."

ಅಂಗಳದಲ್ಲಿದ್ದವರು ನಕ್ಕರು. ಈರಿ ತಮ್ಮನಿಗೆ ಸುಮ್ಮನಿರೋ ಅಂತ ಗದರಿದಳು, ಆದರೆ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು. ದುಂಡನೂ ನಕ್ಕ. ನಗುವಾಗ ಕಿವಿ ಬಿಸಿಯಾಯಿತು.

ಮಾತು ಸಣ್ಣದು. ಆದರೆ ಅದು ಕಾಲಿಗೆ ಚುಚ್ಚಿ ಮುರಿದುಕೊಂಡ ಮುಳ್ಳಿನ ಹಾಗೆ ಒಳಗೇ ಉಳಿಯಿತು. ಎಲ್ಲಿ ಹೋದರೂ, ಏನು ಮಾಡಿದರೂ, ನಾಲ್ಕು ಹೆಜ್ಜೆಗೊಮ್ಮೆ ಅದು ನೆನಪಾಗುತ್ತಿತ್ತು.

ಬಿತ್ತುವ ದಿನ ಬಂತು. ದುಂಡ ಮೂಲಂಗಿ ಬೀಜ ತೆಗೆದುಕೊಂಡ, ಒಳ್ಳೆಯದನ್ನೇ ತೆಗೆದುಕೊಂಡ. ಕೋಸಿನ ಬೀಜ ತೆಗೆದುಕೊಂಡ, ಅದೂ ಒಳ್ಳೆಯದೇ. ಸಾಸಿವೆಗೆ ಕೈ ಹಾಕುವಾಗ ಬಿತ್ತನೆ ಬುರುಡೆಯ ಕಡೆ ಹೋದ ಕೈ ಅರ್ಧಕ್ಕೆ ನಿಂತಿತು. ಆಮೇಲೆ ಎಣ್ಣೆ ಬುರುಡೆಯ ಕಡೆ ತಿರುಗಿತು.

ಮೂರರಲ್ಲಿ ಎರಡು ಸರಿಯಾಗೇ ಹಾಕಿದ್ದೀನಲ್ಲ, ಅಂದುಕೊಂಡ. ಇದೂ ಸಾಸಿವೆಯೇ ತಾನೆ, ಅಂದುಕೊಂಡ. ಈ ಸಲ ಮಳೆ ಚೆನ್ನಾಗಿದೆ, ಹುಲ್ಲು ಮಾಗಿವರೆಗೂ ಇರುತ್ತೆ, ಅಂದುಕೊಂಡ. ಹೀಗೆ ಅಂದುಕೊಳ್ಳುತ್ತಲೇ ಜಿಂಕೆ ಪಾಲಿಗೆ ಆತುರದ ಸಾಸಿವೆ ಬಿತ್ತಿ ಮುಗಿಸಿದ. ತಾಳ್ಮೆಯ ಸಾಸಿವೆಯನ್ನು ಹಿತ್ತಲಿಗೆ ಬಿತ್ತಿದ.

ಆತುರದ ಬೀಜಕ್ಕೆ ಒಂದು ಗುಣವಿದೆ, ಬಲು ಚೆಂದವಾಗಿ ಹುಟ್ಟುತ್ತದೆ. ಎರಡು ಮಳೆ ಬಿದ್ದದ್ದೇ ತಡ, ಜಿಂಕೆ ಪಾಲು ಹಸಿರು ಚಾಪೆ ಹಾಸಿದ ಹಾಗಾಯಿತು. ಹಿತ್ತಲಲ್ಲಿ ಇನ್ನೂ ಮೊಳಕೆ ಮಣ್ಣು ಕೊಡವುತ್ತಿತ್ತು. ಊರವರು ಕಾಡಂಚಿಗೆ ಹೋಗಿ ನೋಡಿ ಬಂದು, ದುಂಡನ ಕೈಗುಣವೇ ಕೈಗುಣ ಅಂದರು. ಹೊನ್ನ ಕೂಡ ಸೋತೆ ಅಂತ ಒಪ್ಪಿಕೊಂಡ. ದುಂಡ ನೆಲ ನೋಡಿದ. ನಾಚಿಕೆ ಸ್ವಭಾವದವನು ಅಂತ ಜನ ಅದನ್ನೂ ಹೊಗಳಿದರು.

ಮಳೆ ನಿಲ್ಲುವ ಹೊತ್ತಿಗೆ ಜಿಂಕೆ ಪಾಲಿನ ಸಾಸಿವೆಯೆಲ್ಲ ಒಟ್ಟಿಗೆ ಹೂ ಬಿಟ್ಟಿತು. ಕಾಡಂಚು ಈ ತುದಿಯಿಂದ ಆ ತುದಿಯವರೆಗೆ ಹಳದಿ. ಅಂಥ ಚೆಂದವನ್ನು ಆ ಊರು ಕಂಡಿರಲಿಲ್ಲ. ಗಾಳಿ ಅದರ ಮೇಲೆ ಹೊರಳಾಡಿ ಮೈಗೆಲ್ಲ ಹೂಪುಡಿ ಹಚ್ಚಿಕೊಂಡು ಊರೊಳಗೆ ಬಂದು ದುಂಡನ ಹೆಸರು ಹೇಳಿತು. ದೊಡ್ಡಕ್ಕನ ಮೊಮ್ಮಗ, ಆಗತಾನೆ ಕಾಲು ಗಟ್ಟಿಯಾಗುತ್ತಿದ್ದ ಒಂದು ಮರಿ, ಹೂವಿನೊಳಗೆ ಮುಳುಗಿ ಏಳುತ್ತ, ದುಂಡಮಾವ ನಮಗೆ ಹೂವಿನ ಮನೆ ಕಟ್ಟಿಕೊಟ್ಟವ್ನೆ ಅಂತ ಕೂಗಿ ಕೂಗಿ ಹೇಳಿತು.

ದೊಡ್ಡಕ್ಕ ಮಾತ್ರ ಒಂದು ಗಿಡದ ಬುಡಕ್ಕೆ ಬಾಯಿ ಹಾಕಿ, ಒಂದು ಎಲೆ ಕಿತ್ತು, ಬಹಳ ಹೊತ್ತು ಅಗಿದಳು. ದುಂಡ ದೂರದಲ್ಲಿ ನಿಂತಿದ್ದ. ಅವಳು ತಲೆಯೆತ್ತಿದಾಗ ಅವನು ನೆಲ ನೋಡಿದ.

ಆಮೇಲೆ ಮಾಗಿ ಬಂತು.

ಬಿಳೀ ಕಂಬಳಿಯ ಅಜ್ಜಿ ಆ ವರ್ಷ ಬೇಗ ಬಂದಳು, ಗಟ್ಟಿಯಾಗಿ ಕೂತಳು. ಬೆಟ್ಟದ ಮೇಲಿನ ಹುಲ್ಲು ಒಂದೇ ವಾರದಲ್ಲಿ ಕೆಂಪಗಾಗಿ ಮುರಿಯಿತು. ಜಿಂಕೆ ಪಾಲಿನಲ್ಲಿ ಮೂಲಂಗಿ ಮುಗಿದಿತ್ತು, ಕೋಸು ಮುಗಿದಿತ್ತು. ಸಾಸಿವೆ ನಿಂತಿತ್ತು, ಆದರೆ ಬರೀ ಕಡ್ಡಿಯಾಗಿ ನಿಂತಿತ್ತು. ಒಣಗಿದ ಕಾಯಿ ಗಾಳಿಗೆ ಗಿಲಗಿಲ ಅನ್ನುತ್ತಿತ್ತು. ಒಂದು ಹಸಿರೆಲೆ ಇರಲಿಲ್ಲ.

ದುಂಡನ ಹಿತ್ತಲಲ್ಲಿ ತಾಳ್ಮೆಯ ಸಾಸಿವೆ ಆಗ ಎದ್ದು ನಿಂತಿತು. ಎಲೆ ಅಂದರೆ ಎಲೆ. ಮೊರದಗಲ, ದಪ್ಪ, ಕಡುಹಸಿರು. ದುಂಡ ಬೇಲಿಗೆ ಇನ್ನಷ್ಟು ಮುಳ್ಳು ತಂದು ಒತ್ತಿದ. ದನ ನುಗ್ಗದಿರಲಿ ಅಂತ ಈರಿಗೆ ಹೇಳಿದ. ನಿಜ ಅಂದರೆ ಕಾಡಿನ ಕಡೆಯಿಂದ ಎಲೆ ಕಾಣದಿರಲಿ ಅಂತ. ಆದರೆ ಬೇಲಿ ಒಂದು ಗೇಣು ಎತ್ತರವಾದರೆ ಎಲೆ ಎರಡು ಗೇಣು ಎತ್ತರವಾಗುತ್ತಿತ್ತು.

ಜಿಂಕೆಗಳು ಇಳಿದು ಬಂದವು. ಪಕ್ಕೆಲುಬು ಹೊರಗಿಂದಲೇ ಕಾಣುತ್ತಿತ್ತು. ಬಂದು ಕಾಡಂಚಿನಲ್ಲಿ ನಿಂತು, ಕಡ್ಡಿಯಾಗಿದ್ದ ತಮ್ಮ ಪಾಲನ್ನು ನೋಡಿದವು, ಅದರಾಚೆಯ ಹಿತ್ತಲನ್ನು ನೋಡಿದವು. ನೋಡಿ, ವಾಪಸ್ ಹೋದವು. ಮಾರನೆಯ ದಿನವೂ ಬಂದವು, ವಾಪಸ್ ಹೋದವು. ಹೊಲದಲ್ಲಿ ಇನ್ನೂ ಕೊಯ್ಯದ ಅವರೆ ಇತ್ತು, ಅದಕ್ಕೆ ಬಾಯಿ ಹಾಕಲಿಲ್ಲ. ಯಾವ ಬೇಲಿಯನ್ನೂ ಹಾರಲಿಲ್ಲ. ಹಾರಬೇಕು ಅಂದರೆ ಆ ಬೇಲಿ ಅವಕ್ಕೆ ಯಾವ ಲೆಕ್ಕ. ಹಿತ್ತಲಿಗೆ ಕಾಲಿಡೋದಿಲ್ಲ ಅಂತ ಮಾತು ಕೊಟ್ಟಿದ್ದವು, ಅದಕ್ಕೆ ಹಾರಲಿಲ್ಲ.

ಇದನ್ನು ನೋಡಿಕೊಂಡಿರುವುದು ದುಂಡನಿಗೆ ಆಗದಾಯಿತು. ನುಗ್ಗಿಬಿಡಲಿ ಅಂತ ಒಳಗೊಳಗೇ ಬೇಡಿಕೊಂಡ. ಅವು ಒಂದು ಸಲ ನುಗ್ಗಿ ಮೇಯ್ದುಬಿಟ್ಟಿದ್ದರೆ ಅವನು ಕೋಲು ಹಿಡಿದು ಕೂಗಬಹುದಿತ್ತು, ಬಯ್ಯಬಹುದಿತ್ತು, ನೀವೂ ಮಾತು ತಪ್ಪಿದಿರಿ ಅಂತ ಅನ್ನಬಹುದಿತ್ತು. ಅವು ನುಗ್ಗಲಿಲ್ಲ. ಊರವರು ಈ ಸಲ ಚಳಿ ಜಾಸ್ತಿ, ಪಾಪ ದುಂಡ ಏನು ಮಾಡಿಯಾನು ಅಂದರು. ಅದಕ್ಕೂ ದುಂಡ ನೆಲ ನೋಡಿದ.

ಒಂದು ಸಂಜೆ ದೊಡ್ಡಕ್ಕ ಒಬ್ಬಳೇ ಬೇಲಿಯವರೆಗೆ ಬಂದಳು. ಒಬ್ಬಳೇ ಅಲ್ಲ, ಹಿಂದೆ ಮೊಮ್ಮಗನಿದ್ದ. ಹೂವಿನೊಳಗೆ ಹಾರಾಡಿದ್ದ ಆ ಮರಿಯ ಕಾಲು ಈಗ ನಿಂತಲ್ಲೇ ನಡುಗುತ್ತಿತ್ತು.

ದೊಡ್ಡಕ್ಕ ಬೇಲಿಯಿಂದ ಒಂದು ಮಾರು ಹಿಂದೆಯೇ ನಿಂತಳು. ಊಟ ಆಯ್ತಾ ಅಂತ ಕೇಳಿದಳು, ಈರಿ ಚೆನ್ನಾಗಿದ್ದಾಳಾ ಅಂತ ಕೇಳಿದಳು. ಆಮೇಲೆ ಹೇಳಿದಳು:

"ದುಂಡಣ್ಣ, ಈ ವರ್ಷ ಬೀಜ ಕೈಕೊಟ್ಟಿತು. ಆಗ್ತದೆ. ನನಗೆ ಬೇಡ, ನಮ್ಮವರಿಗೂ ಬೇಡ. ಈ ಮರಿಗೆ ಒಂದು ಹಿಡಿ ಸೊಪ್ಪು ಕಿತ್ತು ಆಚೆ ಹಾಕ್ತೀಯಾ? ಇದು ಈ ಮಾಗಿ ದಾಟೋ ಹಾಗೆ ಕಾಣೋದಿಲ್ಲ."

ಒಂದು ಹಿಡಿ. ಕೈ ಚಾಚಿದರೆ ಸಿಗುತ್ತಿತ್ತು.

ಆದರೆ ದುಂಡನಿಗೆ ಒಂದು ಭಯ ಹುಟ್ಟಿತು. ಮರಿ ಈ ಎಲೆ ತಿಂದರೆ ದೊಡ್ಡಕ್ಕನೂ ಬಾಯಿಗೆ ಹಾಕಿಕೊಳ್ಳುತ್ತಾಳೆ. ಬಾಯಿಗೆ ಹಾಕಿಕೊಂಡರೆ ಇದು ಯಾವ ಬೀಜ ಅಂತ ಅವಳಿಗೆ ತಿಳಿಯುತ್ತದೆ. ಇದು ತಿಳಿದರೆ ಜಿಂಕೆ ಪಾಲಿಗೆ ಬಿತ್ತಿದ್ದು ಯಾವುದು ಅನ್ನುವುದೂ ತಿಳಿಯುತ್ತದೆ. ಕೈಗುಣ ಅಂದವರು, ಪಾಪ ಅಂದವರು, ಎಲ್ಲರಿಗೂ ತಿಳಿಯುತ್ತದೆ. ಮರಿಯ ಕಾಲು ನಡುಗುವುದನ್ನು ಅವನು ನೋಡುತ್ತಿದ್ದ. ನೋಡುತ್ತಿದ್ದರೂ ಬಾಯಿಯಿಂದ ಬಂದದ್ದೇ ಬೇರೆ.

"ಇದು ಕಹಿ ಜಾತಿ ಅಕ್ಕ. ತಿಂದ್ರೆ ನಾಲಿಗೆ ಸುಟ್ಟು ಹೋಯ್ತದೆ. ಮರಿಗೆ ಆಗೋದಿಲ್ಲ."

ದೊಡ್ಡಕ್ಕ ಸ್ವಲ್ಪ ಹೊತ್ತು ಅವನನ್ನೇ ನೋಡಿದಳು. ಹಾಗಾ, ಅಂದಳು. ಮರಿಯನ್ನು ಮುಂದೆ ಬಿಟ್ಟುಕೊಂಡು, ಅದರ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸಿಕೊಂಡು, ನಿಧಾನವಾಗಿ ಕಾಡಿಗೆ ಹೋದಳು.

ಈ ಮಾತನ್ನು ಸಾಸಿವೆ ಕೇಳಿಸಿಕೊಂಡಿತು. ಬೇಲಿ ಮೇಲೆ ತಲೆ ಎತ್ತಿ ನಿಂತಿತ್ತಲ್ಲ, ಕೇಳಿಸದೆ ಇರುತ್ತದೆಯೇ. ತನ್ನನ್ನು ಕೈಯಾರೆ ಆರಿಸಿ, ಸೊಂಟಕ್ಕೆ ನಾರು ಕಟ್ಟಿ, ಬೂದಿ ಹಚ್ಚಿ ಬೆಳೆಸಿದವನೇ ತನ್ನ ಮುಂದೆ ತನ್ನನ್ನು ಕಹಿ ಅಂದನಲ್ಲ. ಸಾಸಿವೆಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಮಾಡಿದವನಿಗಿಂತ ಹೆಚ್ಚು ನಾಚಿಕೆ ಪಕ್ಕದಲ್ಲಿ ನಿಂತು ಕೇಳಿದವರಿಗೆ ಆಗುವುದುಂಟು. ಆ ನಾಚಿಕೆ ಬಿಸಿಯಾಗಿ ಬುಡದಿಂದ ಹತ್ತಿ, ದಂಟಿಗೆ ಬಂದು, ಎಲೆಯ ನರನರಕ್ಕೂ ಹರಿದುಹೋಯಿತು.

ಆ ದಿನ ಹೊನ್ನ ಮತ್ತೆ ಬಂದಿದ್ದ. ಈರಿ ತಮ್ಮನಿಗೆ ಅಂತ ಹಿತ್ತಲ ಸೊಪ್ಪು ಕಿತ್ತು, ಅವರೆಕಾಳು ಹಾಕಿ ಬಸ್ಸಾರು ಮಾಡಿ, ಬಿಸಿ ಮುದ್ದೆ ಬಡಿಸಿದಳು. ಹೊನ್ನ ದೊಡ್ಡ ತುತ್ತು ಬಾಯಿಗಿಟ್ಟ. ಇಟ್ಟವನು ಹಾಗೇ ಕೂತುಬಿಟ್ಟ. ಮುಖ ಕೆಂಪಾಯಿತು, ಮೂಗು ಹಿಡಿದುಕೊಂಡ, ಕಣ್ಣಲ್ಲಿ ನೀರು ದಳದಳ ಇಳಿಯಿತು.

"ಭಾವ, ರೇಗಿಸಿದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆ ಬೇಡ ಕಣಪ್ಪ," ಅಂದ.

ಯಾರಿಗೂ ನಗು ಬರಲಿಲ್ಲ. ಈರಿ ತಾನೂ ಒಂದು ತುತ್ತು ತಿಂದು ನೋಡಿದಳು, ಅವಳ ಕಣ್ಣಲ್ಲೂ ನೀರು ಬಂತು. ಆಮೇಲೆ ಮನೆಯಲ್ಲಿದ್ದ ಮೂಲಂಗಿಯನ್ನು ಕಚ್ಚಿ ನೋಡಿದಳು, ಅದೂ ಹಾಗೇ. ಅಕ್ಕತಂಗಿಯರಲ್ಲವೇ, ಸಾಸಿವೆಯ ನಾಚಿಕೆ ಮೂಲಂಗಿಗೂ ಹತ್ತಿಕೊಂಡಿತ್ತು. ನಿನ್ನೆವರೆಗೂ ಸಕ್ಕರೆಯಂತಿದ್ದ ಸೊಪ್ಪು ಇವತ್ತು ಹೀಗೆ ಯಾಕಾಯಿತು ಅಂತ ಈರಿ ಎಲೆ ತಿರುವಿ ಮುರುವಿ ನೋಡಿದಳು. ಎಲೆಯಲ್ಲೇನೂ ಕಾಣಲಿಲ್ಲ. ಆಮೇಲೆ ಗಂಡನ ಮುಖ ನೋಡಿದಳು.

"ಸಂಜೆ ಬೇಲಿ ತಾವ ದೊಡ್ಡಕ್ಕ ಬಂದಿದ್ಲಲ್ಲ. ಏನಂದೆ ನೀನು ಅವಳಿಗೆ?"

ದುಂಡ ನೆಲ ನೋಡಿದ. ಈರಿ ಮತ್ತೆ ಕೇಳಲಿಲ್ಲ. ಎದ್ದು ಹೋಗಿ ಎರಡು ಬುರುಡೆಯನ್ನೂ ತಂದು, ಅವನ ಮುಂದೆ ಇಟ್ಟು, ಒಲೆ ಕಡೆ ತಿರುಗಿ ಕೂತಳು. ಅವಳಿಗೆ ಬೀಜದ ಗುರುತು ತಿಳಿಯದಿದ್ದರೂ ಗಂಡನ ಗುರುತು ತಿಳಿಯುತ್ತಿತ್ತು.

ಬೆಳಕು ಹರಿಯುವ ಮೊದಲೇ ದುಂಡ ಹಿತ್ತಲಿಗೆ ಹೋದ. ಸಾಸಿವೆಯ ಮುಂದೆ ಕೂತು, ನಾನು ಆಡಿದ್ದು ಸುಳ್ಳು, ನೀನು ಮೊದಲಿನ ಹಾಗಾಗು ಅಂತ ಬೇಡಿದ. ಸಾಸಿವೆ ತಲೆ ಅಲ್ಲಾಡಿಸಿತು.

"ನನ್ನ ಕಿವೀಲಿ ಗುಟ್ಟಾಗಿ ಹೇಳಿದ್ರೆ ನಾನೇನು ಮಾಡ್ಲಿ? ನೀನು ಸುಳ್ಳು ಹೇಳಿದ್ದು ನಂಗಲ್ಲ."

ಹೇಳಬೇಕಾದಲ್ಲಿಗೆ ಹೋಗಲು ದುಂಡನಿಗೆ ಕಾಲು ಬರಲಿಲ್ಲ. ಸೊಪ್ಪು ಕೊಟ್ಟುಬಿಟ್ಟರೆ ಎಲೆ ತಾನಾಗೇ ಸಿಹಿಯಾದೀತೇನೋ, ಮಾತಿಲ್ಲದೆ ಮುಗಿಸಿಬಿಡಬಹುದೇನೋ ಅಂತ ಇನ್ನೊಂದು ದಾರಿ ಹುಡುಕಿದ. ಎದೆಯ ಮಟ್ಟ ಸೊಪ್ಪು ಕಿತ್ತು, ತಬ್ಬಿಕೊಂಡು, ಜಿಂಕೆ ಪಾಲಿನ ಕಡ್ಡಿಗಳನ್ನು ದಾಟಿ ಕಾಡಂಚಿಗೆ ಬಂದ. ಹೊರೆಯನ್ನು ಅಲ್ಲಿಟ್ಟು ಓಡಿಬರೋಣ ಅಂದುಕೊಂಡಿದ್ದ.

ಓಡಲಾಗಲಿಲ್ಲ. ಜಿಂಕೆಗಳೆಲ್ಲ ಅಲ್ಲೇ ಇದ್ದವು. ನಡುವೆ ಮರಿ ಮಲಗಿತ್ತು. ದೊಡ್ಡಕ್ಕ ಅದಕ್ಕೆ ಗಾಳಿ ತಾಗದ ಹಾಗೆ ಅಡ್ಡ ನಿಂತಿದ್ದಳು. ಹಿಂದೆ ತಿರುಗಿದರೆ ಈರಿ ಬರುತ್ತಿದ್ದಳು, ಹೊನ್ನ ಬರುತ್ತಿದ್ದ, ಏನೋ ಆಗಿದೆ ಅಂತ ಊರವರೂ ಒಬ್ಬೊಬ್ಬರಾಗಿ ಬರುತ್ತಿದ್ದರು.

ದುಂಡ ಒಂದು ಎಲೆ ಮುರಿದು ಮರಿಯ ಬಾಯಿಗೆ ಹಿಡಿದ. ಮರಿ ಆಸೆಯಿಂದ ಕಚ್ಚಿತು. ಕಚ್ಚಿದ್ದೇ ಉಗುಳಿತು. ಮುಖ ಕೊಡವಿ, ಕಣ್ಣು ಮುಚ್ಚಿಕೊಂಡಿತು, ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ದುಂಡಮಾವ ಹೇಳಿದ್ದು ನಿಜ, ಕಹಿ, ಅಂತ ದೊಡ್ಡಕ್ಕನಿಗೆ ಹೇಳಿತು. ಅಷ್ಟು ಸಣ್ಣ ದನಿಯಲ್ಲಿ ಹೇಳಿದ್ದು ಅಲ್ಲಿ ನಿಂತವರಿಗೆಲ್ಲ ಕೇಳಿಸಿತು.

ತಾನು ನಿಜ ಹೇಳುವವನು ಅಂತ ಆ ಮರಿ ಸಾಕ್ಷಿ ಹೇಳಿದ್ದೇ ದುಂಡನಿಗೆ ತಡೆಯಲಾಗಲಿಲ್ಲ. ಮರಿಯ ಮುಂದೆ ಕೂತ. ಇನ್ನು ನೆಲ ನೋಡಿದರೂ ನೆಲದಲ್ಲಿ ಮರಿಯೇ ಮಲಗಿತ್ತು.

"ಆ ಎಲೆ ಕಹಿ ಇರಲಿಲ್ಲ ಅಕ್ಕ. ನಾನು ಅಂದಮೇಲೆ ಕಹಿ ಆಯ್ತು. ನಿಮಗೆ ಹಾಕಿದ್ದು ಎಣ್ಣೆ ಬುರುಡೆ ಬೀಜ. ಗೊತ್ತಿದ್ದೇ ಹಾಕಿದೆ."

ಹೊನ್ನ ಮುಖ ಆಚೆ ತಿರುಗಿಸಿದ. ದೊಡ್ಡಕ್ಕ ಮರಿಯ ಹಣೆ ನೆಕ್ಕುತ್ತಿದ್ದವಳು ತಲೆಯೆತ್ತಲಿಲ್ಲ.

"ನನಗೆ ಗೊತ್ತಿತ್ತು," ಅಂದಳು. "ಹೂ ಬಿಟ್ಟ ದಿನವೇ ಗೊತ್ತಿತ್ತು. ನಿನ್ನೆ ಬೇಲಿ ಹತ್ರ ನಿಂತಾಗ ನಿನ್ನ ಸೊಪ್ಪಿನ ಸಿಹಿ ವಾಸನೆ ಮೂಗಿಗೆ ಬರ್ತಾ ಇತ್ತು. ಜಿಂಕೆ ಮೂಗು ಬೇಲಿಗೆ ನಿಲ್ಲೋದಿಲ್ಲ, ದುಂಡಣ್ಣ."

ಗೊತ್ತಿದ್ದೂ ಯಾಕೆ ಕೇಳಿದೆ ಅಂತ ದುಂಡ ಕೇಳಿದ. ಕೇಳಿದ್ದು ಅವನಿಗೇ ಕೇಳಿಸಿತೋ ಇಲ್ಲವೋ.

"ನೀನೇ ಹೇಳ್ತೀಯೇನೋ ಅಂತ ಕಾದೆ," ಅಂದಳು ದೊಡ್ಡಕ್ಕ.

ಆಗ ಮಾಗಿ ಚಳಿ ಅಜ್ಜಿ ಬೆಟ್ಟದಿಂದ ಇಳಿದು ಬಂದಳು. ಮಾತಿಗೆ ಸಾಕ್ಷಿ ನಿಂತವಳು ಅವಳು, ಬರಲೇಬೇಕಿತ್ತು. ದುಂಡನನ್ನು ಬಯ್ಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅವನು ತಬ್ಬಿಕೊಂಡು ಬಂದಿದ್ದ ಸೊಪ್ಪಿನ ಮೇಲೆ ತನ್ನ ಕಂಬಳಿ ಹೊದಿಸಿ, ಅದರ ಒದ್ದೆ ಇಬ್ಬನಿಯಲ್ಲಿ ಒಂದೊಂದು ಎಲೆಯನ್ನೂ ಒರೆಸಿದಳು. ಎಲೆಯ ನರದಲ್ಲಿದ್ದ ಬಿಸಿ ತಣಿಯಿತು. ಸಾಸಿವೆ ಉಸಿರು ಬಿಟ್ಟಿತು.

ಅಜ್ಜಿ ಹೇಳಿದ್ದು ಇಷ್ಟು. ಆಡಿದ ಮಾತನ್ನು ಪೂರ್ತಿ ತೆಗೆಯಲು ತನ್ನಿಂದಾಗದು. ತಾನಿರುವಷ್ಟು ದಿನ ಈ ಅಕ್ಕತಂಗಿಯರ ಎಲೆ ಸಿಹಿಯಾಗಿರುತ್ತದೆ. ತಾನು ಹೋದ ಮೇಲೆ, ಮತ್ತೆ ತಾನು ಬರುವವರೆಗೆ, ದುಂಡ ಅಂದ ಮಾತೇ ಅದರ ರುಚಿ.

ದೊಡ್ಡಕ್ಕ ಎಲೆ ಅಗಿದು ಮೆತ್ತಗೆ ಮಾಡಿ ಮರಿಯ ಬಾಯಿಗಿಟ್ಟಳು. ಮರಿ ಮೊದಲು ಹೆದರಿತು, ಆಮೇಲೆ ನುಂಗಿತು, ಆಮೇಲೆ ಇನ್ನೊಂದು ಎಲೆಗೆ ತಾನೇ ಕತ್ತು ಚಾಚಿತು. ಅದು ಬದುಕಿತು.

ಆ ಮಾಗಿ ಮುಗಿಯುವವರೆಗೆ ದುಂಡ, ಈರಿ, ಹೊನ್ನ ಮೂವರೂ ದಿನಾ ಬೆಳಿಗ್ಗೆ ಹಿತ್ತಲ ಸೊಪ್ಪು ಕಿತ್ತು ಹೊತ್ತು ಕಾಡಂಚಿಗೆ ಹಾಕಿದರು. ಹೊನ್ನ ಆಮೇಲೆ ಯಾರನ್ನೂ ಊಟದ ಮಾತೆತ್ತಿ ರೇಗಿಸಲಿಲ್ಲ. ಜಿಂಕೆಗಳು ಬಂದು ತಿಂದವು. ಆದರೆ ಇವರು ದೂರ ಹೋದ ಮೇಲೆ ಬಂದವು. ಊಟ ಆಯ್ತಾ ಅಂತ ಯಾವುದೂ ಕೇಳಲಿಲ್ಲ. ದುಂಡಮಾವ ಅಂತ ಮರಿ ಕರೆಯಲಿಲ್ಲ. ದುಂಡಣ್ಣ ಅಂತ ದೊಡ್ಡಕ್ಕ ಆ ದಿನ ಅಂದದ್ದೇ ಕೊನೆ. ಅವತ್ತಿನಿಂದ ಜಿಂಕೆಗಳು ಮನುಷ್ಯರ ಜೊತೆ ಮಾತು ಬಿಟ್ಟವು.

ಮುಂದಿನ ವರ್ಷ ದುಂಡ ತಾಳ್ಮೆಯ ಬೀಜವನ್ನೆಲ್ಲ, ಒಂದು ಕಾಳೂ ಉಳಿಸದೆ, ಜಿಂಕೆ ಪಾಲಿಗೆ ಬಿತ್ತಿದ. ಸಾಸಿವೆ ನಿಧಾನವಾಗಿ ಹುಟ್ಟಿತು, ನಿಧಾನವಾಗಿ ಬೆಳೆಯಿತು. ಮಳೆಗಾಲದಲ್ಲಿ ಜಿಂಕೆಗಳು ಒಂದು ಸಲ ಮೂಸಿ ಮುಖ ತಿರುಗಿಸಿ ಹೋದವು. ದುಂಡ ಕಾದ. ಮಾಗಿ ಬಂತು, ಎಲೆಯ ಮೇಲೆ ಇಬ್ಬನಿ ಕೂತಿತು. ಒಂದು ಬೆಳಿಗ್ಗೆ ದೊಡ್ಡಕ್ಕ ಮರಗಳ ನಡುವಿನಿಂದ ಹೊರಗೆ ಬಂದಳು. ಹೊಲದ ಅಂಚಿನಲ್ಲಿ ಒಂದು ಮುಂಗಾಲನ್ನು ಮೇಲೆತ್ತಿ ಹಾಗೇ ನಿಂತಳು. ಮೂಗು ಮುಂದೆ ಚಾಚಿ ಎಲೆಯ ವಾಸನೆ ಹಿಡಿದಳು. ಎಲೆಗೆ ಬಾಯಿ ಹಾಕದೆ ದುಂಡನನ್ನು ನೋಡಿದಳು.

ದುಂಡನಿಗೆ ಏನೇನೋ ಹೇಳಬೇಕು ಅನ್ನಿಸಿತು. ಈ ಸಲ ಒಳ್ಳೇ ಬೀಜ ಅಕ್ಕ, ನಾನೇ ಆರಿಸಿದ್ದು, ಅನ್ನಬೇಕು ಅನ್ನಿಸಿತು. ಅದನ್ನು ಅವಳು ನಂಬಬೇಕಾದರೂ ಯಾಕೆ ಅಂತಲೂ ಅನ್ನಿಸಿತು. ಅವನು ಒಂದೊಂದೇ ಹೆಜ್ಜೆ ಹಿಂದೆ ಸರಿದು, ಮನೆಯ ಮರೆಗೆ ಹೋದ ಮೇಲೆ, ಅವಳು ಎತ್ತಿದ ಕಾಲನ್ನು ಕೆಳಗಿಟ್ಟು ಮೇಯತೊಡಗಿದಳು.

ಮಳೆಗಾಲದ ಸಾಸಿವೆ ಸೊಪ್ಪು ಇವತ್ತಿಗೂ ಮೂಗಿಗೇರಿ ಕಣ್ಣಲ್ಲಿ ನೀರು ತರಿಸುವುದು, ಮಾಗಿ ಚಳಿ ಕೂತ ಮೇಲೆ ಅದೇ ಸೊಪ್ಪು ಸಿಹಿಯಾಗುವುದು ಅದಕ್ಕೇ. ಕಾಡಂಚಿನ ಹೊಲಕ್ಕೆ ಬಂದ ಜಿಂಕೆ ಒಂದು ಮುಂಗಾಲೆತ್ತಿ ನಿಂತು ಬಹಳ ಹೊತ್ತು ನಮ್ಮನ್ನೇ ನೋಡುವುದನ್ನು ಕಂಡು ಹೆದರಿದೆ ಅಂದುಕೊಳ್ಳುತ್ತೇವಲ್ಲ ಮಕ್ಕಳೇ, ಅದು ಹೆದರಿದ್ದಲ್ಲ, ನಾವಾಗಿಯೇ ಏನಾದರೂ ಹೇಳುತ್ತೇವೇನೋ ಅಂತ ಕಾಯುತ್ತಿರುವುದು.